ಸೋಮವಾರದ ರೊಟ್ಟಿ

ಕಂಪ್ಲಿಯ ಸಂಗಮ್ಮನಿಗೆ ಮೊಮ್ಮಗಳು ಸ್ಫೂರ್ತಿ ಎಂದರೆ ಪಂಚಪ್ರಾಣ. ಆ ಪ್ರೀತಿಯಲ್ಲೇ ಎಡವಟ್ಟು ಮಾಡಿದಳು. ಕಾಲೇಜಿಗೆ ಹೋಗುವ ಹುಡುಗಿ ಉಗ್ರಾಣದ ಬಾಗಿಲು ಹಾಕಿಕೊಂಡು, ಅಳುತ್ತಲೇ ಡಬ್ಬಿಗಟ್ಟಲೆ ಶೇಂಗಾ ಉಂಡೆಯನ್ನು ಗಬಗಬ ತಿನ್ನುವುದು ಕಣ್ಣಿಗೆ ಬಿದ್ದದ್ದೇ ತಡ, "ಬಾಯಿ ಕಟ್ಟಬೇಕಲೇ! ನನ್ನ ಜೋಡಿ ಸೋಮವಾರ ಒಪ್ಪತ್ತು ಮಾಡು" ಎಂದು ಅಪ್ಪಣೆ ಕೊಡಿಸಿದಳು. ಸಂಗಮ್ಮನ ಒಪ್ಪತ್ತೆಂದರೆ ಸಂಜೆ ಪೂಜೆಯಾಗುವ ತನಕ ತೊಟ್ಟು ಹಾಲೂ ಇಲ್ಲ. ನಲವತ್ತು ವರ್ಷದಲ್ಲಿ ಒಂದು ವಾರವೂ ತಪ್ಪಿಸಿದವಳಲ್ಲ ಮಹಾತಾಯಿ.

ಸ್ಫೂರ್ತಿ ಸೋಮವಾರ ಗೆದ್ದು ಮಂಗಳವಾರ ಸೋಲುತ್ತಿದ್ದಳು. ಮೊದಲಿಗಿಂತ ಹೆಚ್ಚು ತಿಂದು, ಮೊದಲಿಗಿಂತ ಹೆಚ್ಚು ಅತ್ತು, ಕಡೆಗೆ ಮನೆಯವರ ಜೊತೆ ಕೂತು ಉಣ್ಣುವುದನ್ನೇ ಬಿಟ್ಟಳು. ಸಂಗಮ್ಮನಿಗೆ ದಿಗಿಲಾಗಿ, ಅವಳನ್ನು ಬಸ್ಸು ಹತ್ತಿಸಿಕೊಂಡು ಹೊಸಪೇಟೆಯ ಮನೋವೈದ್ಯೆ ಶೈಲಜಾ ಅವರ ಹತ್ತಿರ ಹೋದಳು.

"ಇದು ಚಪಲ ಅಲ್ರಿ ಅಮ್ಮಾ, ಕಾಯಿಲೆ," ಎಂದರು ಡಾಕ್ಟರು. "ಹೊಟ್ಟಿ ಖಾಲಿ ಇಟ್ಟಷ್ಟೂ ಮೆದುಳು ಹೆದರತೈತಿ. ಆಮ್ಯಾಲೆ ಸಿಹಿ ಕಂಡ್ರ ಡೋಪಮಿನ್ ಅನ್ನೋ ರಸ 'ಬೇಕು, ಬೇಕು' ಅಂತ ಎಬ್ಬಿಸತೈತಿ. ತಡೆಯೋ ಭಾಗಕ್ಕ ಶಕ್ತಿ ಸಾಲಂಗಿಲ್ಲ. ವಾರಕ್ಕೊಮ್ಮೆ ಬಂದು ನನ್ನ ಜೋಡಿ ಮಾತಾಡ್ಲಿ. ಆಸೆ ಎದ್ದಾಗ ಮನಸ್ಸಿನ್ಯಾಗ ಏನಿತ್ತು ಅಂತ ಬರ್ಕೊಳ್ಳಲಿ. ಎಲ್ಲಕ್ಕಿಂತ ಮೊದಲು ಹೊತ್ತುಹೊತ್ತಿಗೆ ಉಣ್ಣಬೇಕು. ಉಪವಾಸ ಬ್ಯಾಡೇ ಬ್ಯಾಡ."

"ಹಂಗಾರ ನನ್ನ ಕೂಸಿನ್ನ ನಾನೇ ಹಾಳು ಮಾಡಿದ್ನೇನ್ರಿ?" ಸಂಗಮ್ಮ ಮೊಮ್ಮಗಳ ಕೈ ಹಿಡಿದುಕೊಂಡಳು.

"ನಿಮಗ ಗೊತ್ತಿರಲಿಲ್ಲ. ಈಗ ಗೊತ್ತಾತಲ್ಲ, ಸಾಕು."

ಮುಂದಿನ ಸೋಮವಾರ ಬೆಳಿಗ್ಗೆ ಸಂಗಮ್ಮ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಸ್ಫೂರ್ತಿ ತಟ್ಟೆ ಮುಟ್ಟಲಿಲ್ಲ.

"ನೀನು ಉಪವಾಸ ಕುಂತಿದ್ರ ನಾ ಹೆಂಗ ತಿನ್ಲಿ ಅಜ್ಜಿ? ನನಗ ನನ್ನ ಹೊಟ್ಟಿ ಮ್ಯಾಲೇ ನಾಚಿಕಿ ಬರತೈತಿ."

ಇವತ್ತು ಉಪವಾಸ ಬಿದ್ದರೆ ನಾಳೆ ಮತ್ತೆ ಉಗ್ರಾಣವೇ ಗತಿ. ಸಂಗಮ್ಮ ದೇವರ ಕೋಣೆಯ ಕಡೆ ಒಮ್ಮೆ ನೋಡಿದಳು. ಇನ್ನೊಂದು ತಟ್ಟೆ ತಂದು ಮೊಮ್ಮಗಳ ಎದುರು ಕೂತು, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

"ಅಜ್ಜಿ! ಸೋಮವಾರ!"

"ಹಂಪಿ ವಿರೂಪಾಕ್ಷಗ ನಾ ಹೇಳ್ಕೊಂತೀನಿ. ಅಂವಾ ಸಣ್ಣ ಮನಸ್ಸಿನ ದೇವ್ರಲ್ಲ. ನೀ ಉಣ್ಣು."

ಇಬ್ಬರೂ ಉಂಡರು. ರೊಟ್ಟಿ ಮುಗಿದ ಮೇಲೂ ಸ್ಫೂರ್ತಿ ಏಳಲಿಲ್ಲ, ತಟ್ಟೆಯ ಅಂಚು ಸವರುತ್ತ ಕೂತಳು. ವರ್ಷವಿಡೀ ಕದ್ದು ತಿಂದ ಹುಡುಗಿ ಅದು, ಬೇಕೆಂದು ಬಾಯಿಬಿಟ್ಟು ಕೇಳಿದ್ದೇ ಇಲ್ಲ.

"ಅಜ್ಜಿ, ಇನ್ನೊಂದು ರೊಟ್ಟಿ ಹಾಕು. ಹಸಿವಾಗೈತಿ."

ಸಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಹಾಕಿದಳು.