ಎರಡನೇ ಸರದಿ

ಸೇತುವೆ ಕೆಲಸದವರೆಲ್ಲ ಅವರನ್ನು ಲೆವೆಲ್ ಸಾಹೇಬರು ಎಂದೇ ಕರೆಯುತ್ತಿದ್ದರು. ಊಟದ ಮೇಜು ಕೂಡ ಸಮವಾಗಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಮನುಷ್ಯ. ಕೆಟ್ಟವರಲ್ಲ, ಜಗಳಗಂಟರಲ್ಲ, ಕುಡಿತ ಗಿಡಿತ ಒಂದೂ ಇಲ್ಲ. ಕೆಟ್ಟವರಾಗಿದ್ದರೆ ಹೆಂಡತಿ ಎಂದೋ ಎದುರು ನಿಂತು ತನ್ನ ಪಾಲು ಕಿತ್ತುಕೊಳ್ಳುತ್ತಿದ್ದಳು. ಒಳ್ಳೆಯವರ ಜೊತೆ ಜಗಳ ಆಡುವುದು ಹೇಗೆ, ಹೇಳಿ?

ಆಕೆಯೂ ಇಂಜಿನಿಯರೇ. ಒಂದೇ ಕಾಲೇಜು, ಒಂದೇ ತರಗತಿ, ಅಂಕದಲ್ಲಿ ಸಾಹೇಬರಿಗಿಂತ ಮುಂದೆ. ನದಿಯ ನಡುವೆ ಕಂಬ ನಿಲ್ಲಿಸಿ, ಅದರ ಎರಡೂ ಕಡೆಗೆ ತೋಳು ಚಾಚಿದಂತೆ ಸೇತುವೆ ಕಟ್ಟುತ್ತಾರಲ್ಲ, ಆ ಬಗೆಯ ಕೆಲಸವೆಂದರೆ ಇಬ್ಬರಿಗೂ ಹುಚ್ಚು. ಅದರಲ್ಲಿ ತಪ್ಪಿಸಲಾಗದ ನಿಯಮವೊಂದಿದೆ. ಈ ಕಡೆ ಒಂದು ತುಂಡು ಕಾಂಕ್ರೀಟ್ ಹಾಕಿದರೆ ಆ ಕಡೆಯೂ ಒಂದು ತುಂಡು ಹಾಕಲೇಬೇಕು. ಒಂದೇ ಕಡೆ ಹಾಕುತ್ತ ಹೋದರೆ ಕಂಬ ವಾಲುತ್ತದೆ. ಮದುವೆಯಾದಾಗ ಇಬ್ಬರೂ ನಗುನಗುತ್ತ ಅದನ್ನೇ ಸಂಸಾರಕ್ಕೂ ಕಾನೂನು ಮಾಡಿಕೊಂಡರು. ಒಂದು ಸೇತುವೆ ಇವರದು, ಮುಂದಿನದು ಆಕೆಯದು. ಒಬ್ಬರು ಸೈಟಿನಲ್ಲಿದ್ದಾಗ ಇನ್ನೊಬ್ಬರು ಮನೆಯ ಹತ್ತಿರ ಆಫೀಸು ಕೆಲಸ ನೋಡಿಕೊಳ್ಳುವುದು.

ಮೊದಲ ಸರದಿ ಸಾಹೇಬರದು. ಅದು ಮುಗಿಯುವಷ್ಟರಲ್ಲಿ ಮಗಳು ಹುಟ್ಟಿದ್ದಳು. ಕೈಗೂಸು ಬಿಟ್ಟು ಸೈಟಿಗೆ ಹೋಗುವುದುಂಟೇ ಎಂದು ಎರಡನೆಯದೂ ಅವರದೇ ಆಯಿತು. ಮೂರನೆಯದರಲ್ಲಿ ಅಡಿಪಾಯ ಕೈಕೊಟ್ಟಿತು, ಅರ್ಧಕ್ಕೆ ಬಿಟ್ಟು ಬರಲಾದೀತೇ? ಆಮೇಲೆ ಬಡ್ತಿ ಬಂತು. ಆಮೇಲೆ ಅವರಮ್ಮನಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದರು. ಪ್ರತಿ ಸಲದ ಕಾರಣವೂ ಅಪ್ಪಟ ನಿಜ, ಅದೇ ತಮಾಷೆ. ಮುಂದಿನದು ನಿನ್ನದೇ ಎಂದು ಮೂಗಿಗೆ ತುಪ್ಪ ಸವರುವುದನ್ನು ಮಾತ್ರ ಸಾಹೇಬರು ಒಮ್ಮೆಯೂ ಮರೆಯಲಿಲ್ಲ. ಆಕೆ ವಿನ್ಯಾಸದ ಆಫೀಸಿನಲ್ಲಿ ಕೂತು ಬೇರೆಯವರ ಲೆಕ್ಕ ತಿದ್ದುತ್ತ, ತಾನು ಎಂದೂ ಕಾಲಿಡದ ಸೇತುವೆಗಳಿಗೆ ಕಬ್ಬಿಣ ಎಷ್ಟು ಬೇಕೆಂದು ಹೇಳುತ್ತ, ಕೂದಲು ನರೆಸಿಕೊಂಡಳು.

ಹೀಗಿರುವಾಗ ಒಂದು ಸಂಜೆ ಆಕೆಯ ಹಳೆಯ ಮೇಲಧಿಕಾರಿಯಿಂದ ಫೋನ್ ಬಂತು. ಬಂದರಿನ ಹತ್ತಿರ ಹೊಸ ಸೇತುವೆ, ಅದೇ ತೋಳು ಚಾಚುವ ಬಗೆಯದು. ಸೈಟಿನ ಮುಖ್ಯಸ್ಥೆಯಾಗಿ ಬರುತ್ತೀಯಾ, ಈ ವಾರದೊಳಗೆ ಹೇಳು ಎಂದರು. ನಿವೃತ್ತಿ ಹತ್ತಿರವಾದವಳಿಗೆ ಇನ್ನೊಂದು ಸೇತುವೆ ಯಾರು ಕೊಡುತ್ತಾರೆ? ಇದೇ ಮೊದಲು, ಇದೇ ಕೊನೆ. ಅತ್ತೆಯನ್ನು ನೋಡಿಕೊಳ್ಳಲು ಗಂಡ ಸೈಟು ಬಿಟ್ಟು ಮನೆಗೆ ಬರಬೇಕಿತ್ತು, ಅಷ್ಟೇ. ಆಕೆ ಕೇಳಿದಾಗ ಸಾಹೇಬರು ಹಿಂದೆಮುಂದೆ ನೋಡದೆ ಫೋನಿನಲ್ಲೇ ಒಪ್ಪಿದರು. ಮನಸಾರೆ ಒಪ್ಪಿದ್ದರು, ಅದನ್ನು ಇಲ್ಲವೆನ್ನುವಂತಿಲ್ಲ. ಆಕೆ ಮದುವೆಯ ಹೊಸತರಲ್ಲಿ ಕೊಂಡಿಟ್ಟಿದ್ದ ಸೈಟ್ ಬೂಟು ಹುಡುಕಿ ತೆಗೆದು ಒರೆಸಿದಳು, ಅಂಗಡಿಗೆ ಹೋಗಿ ಹೊಸ ಲೇಸು ತಂದಳು. ಮಂಚದ ಹತ್ತಿರ ಹಿಡಿದು ತೋರಿಸಿದಾಗ ಅತ್ತೆ ಸೊಟ್ಟ ಬಾಯಲ್ಲೇ ನಕ್ಕರು.

ಎರಡು ದಿನವೂ ಕಳೆದಿರಲಿಲ್ಲ. ಸಾಹೇಬರ ಸೇತುವೆಯಲ್ಲಿ ಎರಡು ಕಂಬಗಳಿಂದ ಬಂದ ತೋಳುಗಳು ನಡುವೆ ಕೂಡುವ ಹಂತ. ಬೆಳಿಗ್ಗೆ ಅಳತೆ ಹಿಡಿದರೆ ಒಂದರ ತುದಿ ಇನ್ನೊಂದಕ್ಕಿಂತ ನಾಲ್ಕು ಬೆರಳು ಎತ್ತರ! ಅವರ ಕೈಕೆಳಗಿನ ಇಂಜಿನಿಯರ್, ಅವರಿಂದಲೇ ಕೆಲಸ ಕಲಿತು ಪಳಗಿದವನು, ತಾನು ನೋಡಿಕೊಳ್ಳುತ್ತೇನೆ, ನೀವು ನಿಶ್ಚಿಂತೆಯಾಗಿ ಹೊರಡಿ ಎಂದ. ನೋಡಿಕೊಳ್ಳುತ್ತಾನಂತೆ! ಸಾಹೇಬರಿಗೆ ತಾವಿಲ್ಲದಿದ್ದರೆ ಸೂರ್ಯನೂ ನೆಟ್ಟಗೆ ಹುಟ್ಟುವುದಿಲ್ಲ. ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿದರು. ಬೇಡ ಅನ್ನಲಿಲ್ಲ; ಅವರು ಎಂದೂ ಬೇಡ ಅಂದವರೇ ಅಲ್ಲ.

"ಸ್ವಲ್ಪ ದಿನ ಕಾಯೋಕಾಗುತ್ತಾ ಅಂತ ಕೇಳಿ ನೋಡು," ಅಂದರು.

ಆಕೆ ಆಯ್ತು ಅಂದಳು. ಕೇಳಿದಳು ಕೂಡ. ಬಂದರಿನವರು ಕಾಯಲಿಲ್ಲ, ಕೆಲಸವನ್ನು ಬೇರೆ ಯಾರಿಗೋ ಕೊಟ್ಟರು.

ಇತ್ತ ವಾರ ಕಳೆಯುವುದರೊಳಗೆ ಕೈಕೆಳಗಿನವನು ಎತ್ತರವಾಗಿದ್ದ ತುದಿಯ ಮೇಲೆ ದೊಡ್ಡ ದೊಡ್ಡ ನೀರಿನ ಟ್ಯಾಂಕು ಇಟ್ಟು ತುಂಬಿಸಿದ. ಭಾರಕ್ಕೆ ತುದಿ ಬಗ್ಗಿತು. ಬೆಳಗಿನ ತಂಪಿನಲ್ಲಿ, ಬಿಸಿಲು ಏರುವ ಮುಂಚೆ, ಎರಡು ತುದಿಗಳನ್ನೂ ಉಕ್ಕಿನ ತೊಲೆ ಹಾಕಿ ಬಿಗಿದುಬಿಟ್ಟ. ಸಾಹೇಬರು ತಿಂಡಿ ಮುಗಿಸಿ ಸೈಟಿಗೆ ಬರುವಷ್ಟರಲ್ಲಿ ಕೆಲಸ ಆಗಿಹೋಗಿತ್ತು. ನೀವೇ ಹೇಳಿಕೊಟ್ಟಿದ್ದಲ್ಲವೇ ಎಂದು ಹಲ್ಲು ಕಿರಿದ. ಸಾಹೇಬರು ಲೆವೆಲ್ ಇಟ್ಟು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಎಲ್ಲಾದರೂ ಒಂದು ತಪ್ಪು ಸಿಗಲಪ್ಪಾ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ತಾನು ಇಲ್ಲಿ ಉಳಿದದ್ದು ಯಾತಕ್ಕೆ? ಅಲ್ಲೇ ಒಂದು ಕಡೆ ನಿಂತು ಬಂದರಿನವರಿಗೆ ತಾವೇ ಫೋನ್ ಮಾಡಿ ಗೋಗರೆದರು. ಆ ಕಡೆಯವರು ಮರ್ಯಾದೆಯಿಂದಲೇ, ಹೊಸಬರು ಆಗಲೇ ಕೆಲಸಕ್ಕೆ ಸೇರಿಕೊಂಡರು ಎಂದರು.

ಮನೆಗೆ ಬಂದಾಗ ಹೆಂಡತಿ ಬೈಯಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ, ಊಟಕ್ಕೆ ಬಡಿಸಿದಳು. ಬೂಟು ಎಲ್ಲಿಯೂ ಕಾಣಲಿಲ್ಲ. ಕೇಳುವ ಧೈರ್ಯ ಸಾಹೇಬರಿಗಾಗಲಿಲ್ಲ.

ಮುಂದಿನ ಭಾನುವಾರ ಮಗಳು ಬಂದಳು, ಜೊತೆಗೆ ಅವಳನ್ನು ಮದುವೆಯಾಗಲಿರುವವನು. ಇಬ್ಬರೂ ಸಿವಿಲ್ಲೇ, ಅವಳಿಗೆ ಸೇತುವೆ, ಅವನಿಗೆ ಸುರಂಗ. ಹುಟ್ಟಿದಾಗಿನಿಂದ ಸಿಮೆಂಟಿನ ಮಾತೇ ಕಿವಿಗೆ ಬಿದ್ದ ಹುಡುಗಿ ಇನ್ನೇನು ಓದುತ್ತಾಳೆ? ಅಜ್ಜಿಯ ಮಂಚದ ಅಂಚಿಗೆ ಕೂತು, ನಾವೂ ನಿಮ್ಮ ಹಾಗೇ ಸರದಿ ಮಾಡಿಕೊಂಡಿದ್ದೇವೆ ಎಂದು ಖುಷಿಯಾಗಿ ಹೇಳಿದಳು. ಮೊದಲು ಅವನ ಸುರಂಗವಂತೆ, ಆಮೇಲೆ ತನ್ನ ಸೇತುವೆಯಂತೆ. ತನಗೆ ಬಂದಿರುವ ಸೈಟು ಕೆಲಸವನ್ನು ನಾಳೆ ಬೇಡವೆಂದು ತಿಳಿಸುತ್ತಾಳಂತೆ. ಅವನು ಪಕ್ಕದಲ್ಲಿ ಸಂಕೋಚದಿಂದ ನಗುತ್ತಿದ್ದ. ಒಳ್ಳೆಯವನು, ನೋಡಿದರೇ ಗೊತ್ತಾಗುತ್ತಿತ್ತು. ಸಾಹೇಬರಿಗೆ ಅವನ ಮುಖ ನೋಡಲಾಗಲಿಲ್ಲ.

ಹೆಂಡತಿ ಅತ್ತೆಯ ದಿಂಬು ಸರಿಮಾಡುತ್ತಿದ್ದಳು. ಕೈಯೂ ನಿಲ್ಲಲಿಲ್ಲ, ದನಿಯೂ ಏರಲಿಲ್ಲ.

"ಮೊದಲನೇದು ನೀನು ತಗೋ ಮಗಳೇ," ಅಂದಳು. "ಎರಡನೇದು ಅನ್ನೋದು ಬರಲ್ಲ."

"ಅಪ್ಪ ಕೊಡ್ತೀನಿ ಅಂದಿದ್ರಲ್ಲಮ್ಮ?"

"ಅಂದಿದ್ರು. ಪಾಪ, ಪ್ರತಿ ಸಲಾನೂ ನಿಜವಾಗ್ಲೂ ಕೊಡ್ಬೇಕು ಅಂತಾನೇ ಇದ್ರು."

ಬೈದಿದ್ದರೆ ಸಾಹೇಬರು ಹೇಗೋ ತಡೆದುಕೊಳ್ಳುತ್ತಿದ್ದರು. ಆ ಪಾಪ ಎಂಬ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮಗಳು ಈಗ ಅಪ್ಪನ ಕಡೆ ತಿರುಗಿ, ಅವರಾದರೂ ಇಲ್ಲವೆನ್ನಲಿ ಎಂದು ಕಾಯುತ್ತಿದ್ದಳು. ಸಾಹೇಬರು ಭಾವೀ ಅಳಿಯನ ಮುಖವನ್ನು ಕೊನೆಗೂ ನೋಡಿದರು.

"ಈ ಸಲ ಸುರಂಗ ಬಿಟ್ಟುಬಿಡಪ್ಪ," ಅಂದರು. "ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದಿದ್ದರು. ಹೆಂಡತಿ ಅತ್ತೆಗೆ ನೀರು ತರಲು ಒಳಗೆ ಹೋದಳು.