ಹನ್ನೊಂದನೇ ನಂಬರಿನ ಗೋಲು

ನಮ್ಮ ಮನೆಗೆ ಬರುತ್ತಿದ್ದ ಪತ್ರಿಕೆಗೆ ವಾರಕ್ಕೊಮ್ಮೆ ಒಂದು ಕಿಟಕಿ ಬೀಳುತ್ತಿತ್ತು. ಪಂದ್ಯದ ಮರುದಿನ ಬೆಳಿಗ್ಗೆ ಅಪ್ಪ ಅಮ್ಮನ ಹೊಲಿಗೆಯ ಕತ್ತರಿ ಹಿಡಿದು ಕೂತು, ಕಾಲೇಜಿನ ಫುಟ್‌ಬಾಲ್ ವರದಿಯನ್ನು ಅಂಚು ಮುಕ್ಕಾಗದಂತೆ ಕತ್ತರಿಸಿ ತೆಗೆಯುತ್ತಿದ್ದರು. ಉಳಿದ ಹಾಳೆಯನ್ನು ಓದಲೆಂದು ಎತ್ತಿ ಹಿಡಿದರೆ ಆ ಚೌಕದೊಳಗಿಂದ ಎದುರಿಗೆ ಕೂತವರ ಒಂದು ತುಂಡು ಕಾಣುತ್ತಿತ್ತು: ಒಂದು ಮೂಗು, ಅಥವಾ ಕಾಫಿ ಲೋಟ ಹಿಡಿದ ಕೈ. ವರದಿಯ ಬೆನ್ನಿಗೇ ನಿಧನವಾರ್ತೆಗಳಿರುತ್ತಿದ್ದುದರಿಂದ ಅಮ್ಮನಿಗೆ ಈ ಕಿಟಕಿಯ ಮೇಲೆ ಸಿಟ್ಟು.

"ನಿಮ್ಮ ಗೋಲಿನ ದೆಸೆಯಿಂದ ಊರಲ್ಲಿ ಯಾರು ಹೋದ್ರು ಅಂತಲೇ ನಂಗೆ ಗೊತ್ತಾಗಲ್ಲ. ಅಕ್ಕಸಾಲಿ ವೆಂಕೋಬನ ಹೆಂಡತಿ ಸಿಕ್ಕಿದ್ಲು, 'ಯಜಮಾನರು ಹೇಗಿದಾರೆ' ಅಂತ ಕೇಳಿಬಿಟ್ಟೆ. ಆ ಮನುಷ್ಯ ಹೋಗಿ ಹದಿನೈದು ದಿನ ಆಗಿತ್ತಂತೆ!"

"ವೆಂಕೋಬ ಸತ್ತಿದ್ದು ನಾವು ಮೂರು ಗೋಲು ಹೊಡೆದ ವಾರ," ಎಂದು ಅಪ್ಪ ಕತ್ತರಿಯಿಂದ ಕಣ್ಣೆತ್ತದೆ ಹೇಳುತ್ತಿದ್ದರು.

ಆ ವರ್ಷದ ನನ್ನ ದಿನಚರಿಯಲ್ಲಿ ಒಂದೇ ಸಾಲಿರುವ ಪುಟವೊಂದಿದೆ. "ಅಪ್ಪ ಈ ವಾರ ನನ್ನನ್ನು ಮೂರು ಸಲ ನೀಲಾ ಎಂದು ಕರೆದರು." ಕೆಳಗೆ ಇನ್ನೇನೋ ಬರೆಯಲು ಹೊರಟು ಪೆನ್ನು ಊರಿ ನಿಲ್ಲಿಸಿದ ಚುಕ್ಕೆಯೂ ಇದೆ. ಇಷ್ಟು ಸಣ್ಣ ಮಾತಿಗೆ ಹೊಟ್ಟೆಯೊಳಗೆ ಇಷ್ಟು ದೊಡ್ಡ ಉರಿಯೇ ಎಂದು ನಾಚಿಕೆಯಾಗಿರಬೇಕು.

ನೀಲಾಂಬಿಕೆ ಅಪ್ಪನ ತಂಡದ ಹನ್ನೊಂದನೇ ನಂಬರಿನ ಆಟಗಾರ್ತಿ. ಅಪ್ಪ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಊರಿಗೆಲ್ಲ ಕೋಚ್ ಸಾರ್. ಹುಡುಗಿಯರಿಗೂ ಫುಟ್‌ಬಾಲ್ ಕಲಿಸುತ್ತೇನೆಂದು ಹೊರಟಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಎಲ್ಲ. ಅಪ್ಪನ ಹುಮ್ಮಸ್ಸಿಗೆ ನಗು ತಾಗುತ್ತಿರಲಿಲ್ಲ. ಊಟಕ್ಕೆ ಕೂತರೂ ಅವರ ಮುಂದೆ ಮೈದಾನವೇ. ಉಪ್ಪಿನಕಾಯಿ ಭರಣಿ ಎದುರಾಳಿಗಳ ಗೋಲ್‌ಕೀಪರ್, ಸೌಟು ಗೋಲಿನ ಕಂಬ, ತಟ್ಟೆಯ ಸುತ್ತ ಹುಣಸೆಬೀಜಗಳು ಹನ್ನೊಂದು. ಅವುಗಳಲ್ಲಿ ಎಲ್ಲಕ್ಕಿಂತ ಹೊಳೆಯುವ ಬೀಜ ಯಾವಾಗಲೂ ನೀಲಾ. "ಇಲ್ಲಿಂದ ಬಂದ್ಲು ನೋಡು, ಇಲ್ಲಿ ತಿರುಗಿದ್ಲು..." ಎನ್ನುತ್ತಾ ಅಪ್ಪ ಬೆರಳಿನಿಂದ ಅದನ್ನು ಚಿಮ್ಮುವಾಗ ಸಾರು ಆರಿ ತಣ್ಣಗಾಗಿರುತ್ತಿತ್ತು.

ಚಿಕ್ಕಂದಿನಲ್ಲಿ ನನ್ನನ್ನೂ ಮೈದಾನಕ್ಕೆ ಕರೆದೊಯ್ದಿದ್ದರು. ಚೆಂಡು ನನ್ನ ಕಡೆ ಬಂದರೆ ನಾನು ಎರಡೂ ಕೈಗಳಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಪ್ಪ ಒಂದು ದಿನವೂ ಗದರಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಗದರಿದ್ದರೆ ವಾಸಿಯಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಿ.ಎ. ಮುಗಿಸಿ ಊರಿನ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮಾತಾಡದೆ ಮಾಡಬಹುದಾದ ಕೆಲಸ. ನನಗೆ ಹೇಳಿ ಮಾಡಿಸಿದಂತಿತ್ತು. ಮಳೆಗಾಲದ ಹೊತ್ತಿಗೆ ಕ್ರೀಡಾ ವರದಿಗಾರ ಭುಜಂಗರಾಯರು, ತಮ್ಮ ಟಿಪ್ಪಣಿ ಬರೆದುಕೊಳ್ಳಲು ದುಂಡಗಿನ ಅಕ್ಷರದವರೊಬ್ಬರು ಬೇಕೆಂದು ಸಂಪಾದಕರನ್ನು ಕೇಳಿ ನನ್ನನ್ನು ಜೊತೆಗೆ ಹಾಕಿಸಿಕೊಂಡರು. ಮೂವತ್ತು ವರ್ಷದಿಂದ ಊರಿನ ಆಟಗಳನ್ನೆಲ್ಲ ಬರೆದವರು. ಬಿಸಿಲಿರಲಿ ಮೋಡವಿರಲಿ ಕಪ್ಪು ಕನ್ನಡಕ, ಕಂಕುಳಲ್ಲಿ ಕೊಡೆ. ಮೊದಲ ಪಂದ್ಯದ ದಿನ ಮೈದಾನದ ಅಂಚಿನ ಬೆಂಚಿನಲ್ಲಿ ಕೂತು ಅವರು ಮೆಲ್ಲಗೆ ಕೇಳಿದರು, "ಮಗೂ, ಆ ಕೆಂಪು ಬನಿಯನ್ನಿನವರು ನಮ್ಮವರೇ ಅಲ್ವಾ?"

ಮೈದಾನದಲ್ಲಿ ಕೆಂಪು ಬನಿಯನ್ ತೊಟ್ಟವರು ಯಾರೂ ಇರಲಿಲ್ಲ. ನಮ್ಮವರದು ಹಸಿರು, ಎದುರಾಳಿಗಳದು ಬಿಳಿ.

ಗುಟ್ಟು ಕಾಯಬೇಕೆಂದು ಅವರು ಹೇಳಲಿಲ್ಲ, ಕಾಯುತ್ತೇನೆಂದು ನಾನೂ ಹೇಳಲಿಲ್ಲ. ಅಂದಿನಿಂದ ಆಟ ನೋಡುವವಳು ನಾನು, ಬರೆಯುವವಳು ನಾನು. ಸಂಜೆ ಕಚೇರಿಯಲ್ಲಿ ಓದಿ ಹೇಳಿದರೆ ಅವರು ತಲೆ ಬಗ್ಗಿಸಿ ಕೇಳಿ, "ಆ 'ಅಮೋಘ'ವನ್ನ ತೆಗಿ ಮಗೂ, ಅಮೋಘವಾಗಿತ್ತು ಅಂತ ಓದುವವನಿಗೇ ಅನ್ನಿಸಲಿ," ಎನ್ನುತ್ತಿದ್ದರು. ನಾನು ಬರೆಯುವುದನ್ನು ಕಲಿತಿದ್ದರೆ ಆ ಬೆಂಚಿನಲ್ಲಿ, ಆ ಮುದುಕರ ಪಕ್ಕದಲ್ಲಿ. ವರದಿಯ ತುದಿಯಲ್ಲಿ "ನಮ್ಮ ಕ್ರೀಡಾ ಪ್ರತಿನಿಧಿಯಿಂದ" ಎಂದಷ್ಟೇ ಇರುತ್ತಿತ್ತು. ಅದು ಭುಜಂಗರಾಯರು ಎಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ, ಅಪ್ಪನಿಗಂತೂ ಇರಲೇ ಇಲ್ಲ.

ಒಂದು ಬೆಳಿಗ್ಗೆ ಅವರು ಕತ್ತರಿ ಕೆಳಗಿಟ್ಟು ಗಟ್ಟಿಯಾಗಿ ಓದಿದರು: "'ಒದೆಯುವ ಮುನ್ನ ನೀಲಾ ಒಮ್ಮೆ ಎಡಕ್ಕೆ ನೋಡುತ್ತಾಳೆ. ಎದುರಾಳಿಗಳೆಲ್ಲ ಆ ನೋಟದ ಹಿಂದೆ ಓಡುತ್ತಾರೆ. ಚೆಂಡು ಬಲಕ್ಕೆ ಹೋಗುತ್ತದೆ.' ಕೇಳಿದೆಯೇನೇ? ಮೂರು ವರ್ಷದಿಂದ ದಿನಾ ನೋಡ್ತಿದೀನಿ, ನಂಗೇ ಇದು ಕಂಡಿರಲಿಲ್ಲ! ಮುದುಕಂದು ಕಣ್ಣಲ್ಲ, ಹದ್ದು!" ಆಮೇಲೆ ನನ್ನ ಕಡೆ ತಿರುಗಿ, "ಅವರ ಪಕ್ಕದಲ್ಲೇ ಕೂತಿರ್ತೀಯಲ್ಲ, ಸ್ವಲ್ಪ ಕಲ್ತುಕೋ, ನೀ... ನೀಲಾ ಅನ್ನೋಕೆ ಹೋದೆ ನೋಡು! ಬರೀ ದುಂಡಗೆ ಬರ್ಕೊಂಡ್ರೆ ಏನು ಬಂತು?"

ಬಚ್ಚಲಿನ ಬಾಗಿಲು ಹಾಕಿಕೊಂಡು, ಹಂಡೆಯ ನೀರಿಗೆ ಕೇಳಿಸುವಷ್ಟೇ ದನಿಯಲ್ಲಿ ನಾನೊಂದು ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದೆ. "ಅಪ್ಪ, ಅದನ್ನು ಬರೆದವಳು ನಾನು." ಕಾಲೇಜು ಪಂದ್ಯಾವಳಿಯ ಫೈನಲ್ ಆದ ಮರುದಿನ ಅವರು ಓದಿ ಹೊಗಳುವಾಗ ಹೇಳಬೇಕೆಂದು ಎತ್ತಿಟ್ಟಿದ್ದೆ. ಆ ಫೈನಲ್ಲಿಗೆ ಬೇರೆ ಮಹತ್ವವೂ ಇತ್ತು. ರಾಜ್ಯ ತಂಡಕ್ಕೆ ಆರಿಸುವವರು ಅರ್ಜಿಯ ಜೊತೆ ಪತ್ರಿಕೆಯ ತುಣುಕುಗಳನ್ನು ಕೇಳುತ್ತಿದ್ದರು. ರೆಫರಿಯ ಹಾಳೆಯಲ್ಲಿ ಎಷ್ಟು ಗೋಲು ಎಂದಿರುತ್ತದೆಯೇ ಹೊರತು ಹೊಡೆದವರು ಯಾರು ಎಂದಿರುವುದಿಲ್ಲ; ಅದಕ್ಕೆ ಪತ್ರಿಕೆಯೇ ಸಾಕ್ಷಿ. ನೀಲಾಳ ಹೆಸರಿನಲ್ಲಿ ಅಪ್ಪ ಒಂದು ಹಳದಿ ಫೈಲು ಮಾಡಿ, ನಮ್ಮ ಮನೆಯ ಕಿಟಕಿಗಳನ್ನೆಲ್ಲ ಅದರೊಳಗೆ ಅಂಟಿಸಿದ್ದರು. ಒಂದೇ ಹಾಳೆ ಖಾಲಿ ಉಳಿದಿತ್ತು.

ಫೈನಲ್ಲಿನ ದಿನ ಮಧ್ಯಾಹ್ನವೆಲ್ಲ ಮಳೆ ಬಿದ್ದು ಮೈದಾನ ಕೆಸರಿನ ಗದ್ದೆಯಾಗಿತ್ತು. ಅರ್ಧ ಆಟಕ್ಕೇ ಬನಿಯನ್ನಿನ ನಂಬರುಗಳು ಮುಚ್ಚಿಹೋದವು. ಕೊನೆಯ ನಿಮಿಷಗಳಲ್ಲಿ ಚೆಂಡು ನೀಲಾಳ ಕಾಲಿಗೆ ಸಿಕ್ಕಿತು. ಅವಳು ಎಡಕ್ಕೆ ನೋಡಿದಳು. ಅಂದು ಯಾರೂ ಮೋಸ ಹೋಗಲಿಲ್ಲ, ಇಡೀ ಎದುರಾಳಿ ತಂಡ ಬಲಕ್ಕೆ ನುಗ್ಗಿತು. ನೀಲಾ ನೋಡಿದ ಕಡೆಗೇ, ಎಡಕ್ಕೇ ಒದ್ದಳು. ಗೋಲಿನ ಮುಂದಿದ್ದ ನಮ್ಮದೇ ತಂಡದ ಜಸಿಂತಾ ತಲೆ ಕೊಡಲು ಹಾರಿದಳು. ಚೆಂಡು ಅವಳ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಾದು ಬಲೆಗೆ ಬಿತ್ತು. ಆ ಒಂದು ಗೇಣನ್ನು ನಾನು ಸ್ಪಷ್ಟವಾಗಿ ಕಂಡೆ.

ಅಪ್ಪ ಕೆಸರಿನಲ್ಲಿ ಜಾರುತ್ತ ಏಳುತ್ತ ಓಡಿದರು. ನೀಲಾಳ ಕೈ ಹಿಡಿದು ಎಳೆದುಕೊಂಡು ನೇರ ನಮ್ಮ ಬೆಂಚಿನ ಮುಂದೆ ತಂದು ನಿಲ್ಲಿಸಿ, ಏದುಸಿರು ಬಿಡುತ್ತ ಕೂಗಿದರು: "ಭುಜಂಗರಾಯರೇ, ಬರ್ಕೊಳ್ಳಿ! ಇವಳು ನನ್ನ ಮಗಳು ಕಣ್ರೀ, ನನ್ನ ಮಗಳು!"

ನಾನು ಎರಡು ಮೊಳ ದೂರದಲ್ಲಿ, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದೆ. ಅಪ್ಪನ ಕಾಲಿನಿಂದ ಹಾರಿದ ಕೆಸರು ಪುಟದ ಮೇಲೆ ಬಿದ್ದಿತ್ತು. ನಾನು ಅದನ್ನು ಒರೆಸುತ್ತಿದ್ದೆ.

ಸಂಜೆ ಕಚೇರಿಯಲ್ಲಿ ಬರೆಯುವಾಗ ಗೋಲಿನ ಸಾಲಿನವರೆಗೆ ಪೆನ್ನು ಸರಾಗವಾಗಿ ಬಂತು. ಅಲ್ಲಿ ನಿಂತಿತು. ಆಮೇಲೆ ಬರೆಯಿತು: "ಜಸಿಂತಾ ತಲೆಯಿಂದ ತಾಗಿಸಿದ ಚೆಂಡು ಬಲೆ ಸೇರಿತು." ಅಕ್ಷರ ಎಂದಿನಂತೆ ದುಂಡಗೇ ಇತ್ತು.

ಓದಿ ಹೇಳಿದಾಗ ಭುಜಂಗರಾಯರು ತಲೆ ಎತ್ತಿದರು. "ಜಸಿಂತಾನಾ? ನಿಮ್ಮಪ್ಪ ಆ ಇನ್ನೊಂದು ಹುಡುಗೀನ ಕರ್ಕೊಂಡು ಬಂದ ಹಾಗಿತ್ತಲ್ಲ ಮಗೂ?"

"ಕೆಸರಲ್ಲಿ ಅಪ್ಪನಿಗೂ ಗೊತ್ತಾಗಲಿಲ್ಲ ಅನ್ಸುತ್ತೆ ಸಾರ್."

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ನಿನ್ನ ಕಣ್ಣು, ನನ್ನ ಸಹಿ," ಎಂದು ಹೇಳಿ ಕಾಗದಕ್ಕೆ ಕೈ ಚಾಚಿದರು.

ಮರುದಿನ ಶುಕ್ರವಾರ. ಅಪ್ಪ ಓದುವ ಮೊದಲೇ ಸಂಭ್ರಮದಿಂದ ಕತ್ತರಿಸಲು ಶುರು ಮಾಡಿದ್ದರು. ಮೂರು ಬದಿ ಮುಗಿದಿತ್ತು. ಕತ್ತರಿ ನಾಲ್ಕನೆಯ ಬದಿಯಲ್ಲಿ ನಿಂತುಬಿಟ್ಟಿತು.

"ಜಸಿಂತಾ?" ಎಂದರು. ಮತ್ತೆ ಓದಿದರು. "ನಾನು ಕೈ ಹಿಡಿದು ತಂದು ಎದುರಿಗೆ ನಿಲ್ಲಿಸಿದ್ದೆನಲ್ಲ..." ಅವರು ಕೂಗಾಡಲಿಲ್ಲ. ಚಪ್ಪಲಿ ಮೆಟ್ಟಿ ನೇರ ಕಚೇರಿಗೆ ನಡೆದರು, ನಾನು ಹಿಂದೆ.

ಸಂಪಾದಕರು ಭುಜಂಗರಾಯರನ್ನು ಕರೆಸಿದರು. ಅವರು ಅಪ್ಪನ ಮಾತನ್ನು ಪೂರ್ತಿ ಕೇಳಿ, ಮೂವತ್ತು ವರ್ಷದಲ್ಲಿ ಯಾರೂ ಕಾಣದ ಕೆಲಸವೊಂದನ್ನು ಮಾಡಿದರು: ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಕಣ್ಣುಗಳಲ್ಲಿ ಹಾಲಿನ ಕೆನೆಯಂಥ ಪೊರೆ. "ತಪ್ಪು ಇವುಗಳದ್ದು. ಹುಡುಗಿ ನಾನು ಹೇಳಿದ್ದನ್ನು ಬರೆದಳು, ಅಷ್ಟೇ."

ನಾನು ಮೇಜಿನ ಮೇಲಿನ ಆ ಕನ್ನಡಕವನ್ನೇ ನೋಡುತ್ತಿದ್ದೆ. ನಾಳೆಯೇ ತಿದ್ದುಪಡಿ ಹಾಕುವುದಾಗಿಯೂ, ಸೋಮವಾರದಿಂದ ಭುಜಂಗರಾಯರು ವಿಶ್ರಾಂತಿ ತೆಗೆದುಕೊಳ್ಳಬೇಕೆಂದೂ ಸಂಪಾದಕರು ಮೆತ್ತಗೆ ಹೇಳಿ ಮುಗಿಸಿದರು. ಹೊರಗೆ ಬಂದಾಗ ರಾಯರು ನನ್ನ ಕಡೆ ಕೈ ಚಾಚಿದರು. "ಕೈ ಹಿಡ್ಕೋ ಮಗೂ, ಮೆಟ್ಟಿಲು ಕಾಣ್ತಿಲ್ಲ," ಎಂದರು ಅಷ್ಟೇ. ಹಿಡಿದುಕೊಂಡೆ. ಹದಿನಾಲ್ಕು ಮೆಟ್ಟಿಲು.

ಮಧ್ಯಾಹ್ನ ತಿದ್ದುಪಡಿಯ ಕರಡು ಎಂದಿನ ಕ್ರಮದಂತೆ ನನ್ನ ಮೇಜಿಗೇ ಬಂತು. "ವರದಿಗಾರರ ದೃಷ್ಟಿದೋಷದಿಂದಾಗಿ..." ಕಾಗುಣಿತದ ಒಂದು ತಪ್ಪಿದ್ದರೂ ತಿದ್ದುವ ನೆಪದಲ್ಲಿ ಉಸಿರಾಡಬಹುದಿತ್ತು. ಒಂದೂ ಇರಲಿಲ್ಲ. ಸರಿಯಿದೆ ಎಂದು ಗುರುತು ಹಾಕಿ ಕಳಿಸಿದೆ.

ಸಂಜೆ ನೀಲಾ ಮನೆಗೆ ಬಂದಳು. ಅಪ್ಪ ಫೈಲು ತರಲು ಒಳಗೆ ಹೋದಾಗ ಜಗಲಿಯಲ್ಲಿ ನಾವಿಬ್ಬರೇ. ಅವಳನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮೊಣಕಾಲಿನ ಮೇಲೆ ಅರಿಸಿನ ಮೆತ್ತಿದ ಗಾಯ, ಬೆರಳ ತುಂಬ ಉಗುರುಬಣ್ಣ.

"ಬರೆಯೋರು ನೀವೇ ಅಂತ ನಂಗೊತ್ತು ಅಕ್ಕ," ಎಂದಳು ಪಿಸುದನಿಯಲ್ಲಿ. "ಆ ತಾತ ಒಂದ್ಸಲ ನನ್ನನ್ನ 'ಏನೋ ತಮ್ಮಾ' ಅಂದ್ರು! ಎಡಕ್ಕೆ ನೋಡ್ತೀನಿ ಅಂತ ನಂಗೇ ಗೊತ್ತಿರಲಿಲ್ಲ. ನೀವು ಬರೆದ ಮೇಲೆ ಯೋಚ್ನೆ ಮಾಡ್ದೆ, ಅವರೂ ಪೇಪರ್ ಓದಿರ್ತಾರಲ್ವಾ? ಅದಕ್ಕೇ ನಿನ್ನೆ ಎಡಕ್ಕೆ ನೋಡಿ ಎಡಕ್ಕೇ ಹೊಡ್ದೆ. ಅರ್ಧ ಗೋಲು ನಿಮ್ದೇ ಅಕ್ಕ." ನಾನು ಮುಖ ತಿರುಗಿಸಿದ್ದನ್ನು ಬೇರೆ ಏನೋ ಎಂದುಕೊಂಡು ನನ್ನ ಮುಂಗೈ ಮುಟ್ಟಿದಳು. "ಬೇಜಾರು ಮಾಡ್ಕೋಬೇಡಿ. ಆ ಕೆಸರಲ್ಲಿ ಯಾರಿಗೆ ತಾನೇ ಕಾಣ್ಸುತ್ತೆ?"

ನನ್ನ ಬರವಣಿಗೆಯನ್ನು ಗುರುತು ಹಿಡಿಯಲಿ ಎಂದು ವರ್ಷವಿಡೀ ನಾನು ಕಾದದ್ದು ಒಬ್ಬರಿಗಾಗಿ. ಗುರುತು ಹಿಡಿದವಳು ಇವಳು.

ಶನಿವಾರ ಬೆಳಿಗ್ಗೆ ಅಪ್ಪ ತಿದ್ದುಪಡಿಯನ್ನು ಕತ್ತರಿಸಿದರು. ನಾಲ್ಕೇ ಸಾಲು, ಕಿಟಕಿ ಎರಡು ಬೆರಳಗಲ. ತುಣುಕನ್ನು ಹಳದಿ ಫೈಲಿನ ಕೊನೆಯ ಹಾಳೆಗೆ ಅಂಟಿಸಿ, ಉಳಿದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದತೊಡಗಿದರು. ಓದುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆ ಪುಟ್ಟ ಕಿಟಕಿಯೊಳಗಿಂದ ಅವರ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಪಾಪ ಮುದುಕ," ಎಂದರು ಪತ್ರಿಕೆಯ ಹಿಂದಿನಿಂದ. "ಎಂಥಾ ಕಣ್ಣು! ಹೀಗೆ ಕೈಕೊಡಬಾರದಿತ್ತು."

"ಅಪ್ಪ, ಅದನ್ನ ಬರೆದವಳು ನಾನು."

ಹಂಡೆಯ ನೀರಿಗೆ ಹೇಳಿದ್ದ ದನಿಯಲ್ಲೇ ಬಂತು. ಕಿಟಕಿಯಲ್ಲಿನ ಕಣ್ಣು ನನ್ನ ಕಡೆ ತಿರುಗಿತು.

"ಯಾವುದು?"

"ಎಲ್ಲಾನೂ. ಮೊದಲಿನಿಂದ."

"ಎಡಕ್ಕೆ ನೋಡ್ತಾಳೆ ಅಂತ ಬರೆದದ್ದೂ?"

"ಹೂಂ."

ಆ ಕಣ್ಣು ಹಿಗ್ಗಿತು. ಹೊಳೆಯುವ ಹುಣಸೆಬೀಜವನ್ನು ನೋಡುವಾಗ ಹಿಗ್ಗುತ್ತಿತ್ತಲ್ಲ, ಹಾಗೆಯೇ. ಒಂದು ವರ್ಷ ನಾನು ಕಾದದ್ದು ಅದೇ ನೋಟಕ್ಕೆ, ಅದು ಈಗ ಎರಡು ಬೆರಳಗಲದ ತೂತಿನಿಂದ ನನ್ನ ಮೇಲೆ ಬಿದ್ದಿತ್ತು. ಅಲ್ಲಿಗೇ ಸುಮ್ಮನಾಗಬಹುದಿತ್ತು. ಅಪ್ಪನೇ ನನಗಾಗಿ ದಾರಿ ಮಾಡಿಕೊಟ್ಟರು, ತುಂಬ ಮೆಲ್ಲಗೆ:

"ಹಾಗಾದ್ರೆ ಮೊನ್ನೆ... ಆ ಕೆಸರಲ್ಲಿ ನಿಂಗೂ ಕಾಣಲಿಲ್ವೇನೋ, ಅಲ್ವಾ ಮಗಳೇ?"

ಪತ್ರಿಕೆ ಅವರ ಕೈಯಲ್ಲಿ ಅಲುಗದೆ ನಿಂತಿತ್ತು. ಕಿಟಕಿಯೊಳಗಿನ ಕಣ್ಣು ರೆಪ್ಪೆ ಬಡಿಯಲಿಲ್ಲ. ನಾನು ಮುಖ ಮುಚ್ಚಿಕೊಳ್ಳಲು ಏಳುತ್ತಿದ್ದ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಹೇಳಿದೆ:

"ಇಲ್ಲ ಅಪ್ಪ. ನಂಗೆ ಸರಿಯಾಗಿ ಕಂಡಿತ್ತು."