ದೊಣಿ ಬತ್ತೇತಿ

ಬ್ಯಾಡಗಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಶಂಭುಲಿಂಗ ವರ್ಷಕ್ಕೊಮ್ಮೆ, ಡಿಸೆಂಬರಿನ ಎರಡನೇ ಶನಿವಾರ, ಅಂಗಡಿಗೆ ಬೀಗ ಹಾಕುತ್ತಿದ್ದ. ಅಂದು ಅವನು, ರಾಣೇಬೆನ್ನೂರಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ ಗೆಳೆಯ ಕೊಟ್ರೇಶನ ಜೊತೆ ಗುಡ್ಡ ಹತ್ತುತ್ತಿದ್ದ. ಐರಣಿಯ ಕಡೆ ಚಾಚಿಕೊಂಡಿರುವ ಆ ಗುಡ್ಡದ ಸಾಲಿನಲ್ಲಿ ದಾರಿ ಎಂಬುದಿಲ್ಲ. ಕುಡಗೋಲಿನಿಂದ ಕಂಟಿ ಸವರುತ್ತ ನೆತ್ತಿಗುಂಟ ನಡೆಯಬೇಕು, ರಾತ್ರಿ ಮೇಲೆಯೇ ಮಲಗಬೇಕು, ಮರುದಿನ ಮಧ್ಯಾಹ್ನ ಐರಣಿಗೆ ಇಳಿಯಬೇಕು. ಒಂಬತ್ತು ವರ್ಷ ಹೀಗೇ ನಡೆದಿತ್ತು. ಇಬ್ಬರೇ.

೨೦೦೬ರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೊಟ್ರೇಶನ ಪಕ್ಕ ಇನ್ನೊಬ್ಬ ನಿಂತಿದ್ದ.

"ಇಂವ ಯುವರಾಜ. ಹಾವೇರಿಯೊಳಗ ಸರ್ವೇ ಕೆಲಸ ಮಾಡ್ತಾನ. ಗುಡ್ಡ ಅಂದ್ರ ಜೀವಾ ಬಿಡ್ತಾನ," ಎಂದ ಕೊಟ್ರೇಶ.

"ನಮಸ್ಕಾರ ಅಣ್ಣಾರ. ಕೊಟ್ರೇಶಣ್ಣಾರು ನಿಮ್ಮ ಬಗ್ಗೆ ಭಾಳ ಹೇಳ್ಯಾರ್ರಿ."

ಶಂಭುಲಿಂಗನಿಗೆ ಮಾತ್ರ ಈ ಯುವರಾಜನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಪ್ರತಿ ವರ್ಷ ಮುಂದೆ ನಡೆಯುತ್ತಿದ್ದವನು ಶಂಭುಲಿಂಗ. ಈ ಸಲ ಯುವರಾಜ ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು ಮುಂದಾದ. ಕೊಟ್ರೇಶ ಅವನ ಹೆಗಲಿಗೆ ಹೆಗಲು ತಾಗಿಸಿಕೊಂಡು ಯಂತ್ರದೊಳಗೆ ಇಣುಕುತ್ತಿದ್ದ. ಹಿಂದೊಮ್ಮೆ ಶಂಭುಲಿಂಗ ಇರುವೆ ಗೂಡಿನ ಮೇಲೆ ಕೂತು ಧೋತರ ಬಿಚ್ಚಿ ಓಡಿದ್ದನ್ನು ಹೇಳಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಟ್ರೇಶ ತನ್ನ ಜೊತೆ ಹೀಗೆ ನಕ್ಕು ಎಷ್ಟು ದಿನವಾಯಿತೆಂದು ಹಿಂದೆ ಬರುತ್ತಿದ್ದ ಶಂಭುಲಿಂಗ ಲೆಕ್ಕ ಹಾಕಿದ. ನೆನಪಾಗಲಿಲ್ಲ. ಅಡ್ಡ ಬಂದ ಕಾರೀಕಂಟಿಗೆ ಬೇಕಾದ್ದಕ್ಕಿಂತ ಜೋರಾಗಿ ಕುಡಗೋಲು ಬೀಸಿದ.

ಸಂಜೆಯಾಗುತ್ತ ಬಂತು. ನೆತ್ತಿಯಿಂದ ಸ್ವಲ್ಪ ಕೆಳಗೆ, ಬಂಡೆಯ ಸಂದಿನಲ್ಲಿ ಒಂದು ದೊಣಿ ಇತ್ತು. ಮಳೆಗಾಲದ ನೀರು ಅದರಲ್ಲಿ ಚಳಿಗಾಲದವರೆಗೂ ನಿಲ್ಲುತ್ತಿತ್ತು. ಅದನ್ನು ಮೊದಲ ವರ್ಷ ಕಂಡುಹಿಡಿದವನು ಶಂಭುಲಿಂಗ. ಅದನ್ನು ನಂಬಿಯೇ ಅವರು ಕಡಿಮೆ ನೀರು ಹೊತ್ತು ಬರುತ್ತಿದ್ದರು.

"ಇಲ್ಲೊಂದು ದೊಣಿ ಐತಿ. ಯಾವ ನಕಾಶದಾಗೂ ಸಿಗಂಗಿಲ್ಲ," ಎಂದ ಕೊಟ್ರೇಶ ಹೆಮ್ಮೆಯಿಂದ.

"ಹೌದೇನ್ರಿ? ಹಂಗಾರ ಇದರಾಗ ಗುರುತು ಹಾಕ್ಕೊಳ್ಳೂಣ್ರಿ," ಎಂದ ಯುವರಾಜ.

"ನಿಂದರ್ರಿ. ಮೊದ್ಲ ನಾ ನೋಡ್ಕೊಂಡ ಬರ್ತೇನಿ," ಎಂದು ಶಂಭುಲಿಂಗ ಒಬ್ಬನೇ ಇಳಿದ.

ದೊಣಿಯಲ್ಲಿ ಅಂಚಿನ ತನಕ ನೀರಿತ್ತು. ಎರಡು ಬೊಗಸೆ ಕುಡಿದು, ಮೀಸೆ ಒರೆಸಿಕೊಂಡು ಮೇಲೆ ಬಂದ.

"ಬತ್ತೇತಿ. ತಳದಾಗ ಕೆಸರಷ್ಟ ಐತಿ."

ಹಾಗೆ ಹೇಳಬೇಕೆಂದು ಅವನು ನಿಶ್ಚಯಿಸಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟ.

ರಾತ್ರಿ ನೀರು ಸಾಲದೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ಕೊಟ್ರೇಶನ ಎರಡೂ ಕಾಲಿನ ಮೀನಖಂಡಗಳು ಹಿಡಿದುಕೊಂಡವು. ಅವನು ನೆಲಕ್ಕೆ ಬಿದ್ದು ಒದ್ದಾಡಿದ. ಯುವರಾಜ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತ ಕೂತ. ಅದನ್ನು ನೋಡಿಯೂ ಶಂಭುಲಿಂಗನಿಗೆ ಹೊಟ್ಟೆ ಉರಿಯಿತು. ಆ ಕಾಲು ಒತ್ತಬೇಕಾದವನು ತಾನು.

ಸ್ವಲ್ಪ ಹೊತ್ತಿನ ಮೇಲೆ ಯುವರಾಜ ತನ್ನ ಬಾಟಲಿ ಚಾಚಿದ. ತಳದಲ್ಲಿ ಎರಡು ಗುಟುಕು ಉಳಿದಿತ್ತು. "ಕೊಟ್ರೇಶಣ್ಣಾರಿಗೆ ಕೊಟ್ಟೇನ್ರಿ. ಇದು ನಿಮಗ. ನೀವು ಇಳದು ಹತ್ತಿ ದಣದೀರಿ."

ಶಂಭುಲಿಂಗ ಬಾಟಲಿ ಮುಟ್ಟಲಿಲ್ಲ. ಎದ್ದು ಖಾಲಿ ಕ್ಯಾನು, ಬ್ಯಾಟರಿ ಕೈಗೆತ್ತಿಕೊಂಡ.

"ಈ ಕತ್ತಲದಾಗ ಎಲ್ಲಿ ಹೊಂಟೀದಿ?" ಎಂದ ಕೊಟ್ರೇಶ.

"ನೀರಿಗೆ."

ಅವನು ತುಂಬಿದ ಕ್ಯಾನು ಹೊತ್ತು ಮರಳಿದಾಗ ಮೊಣಕೈಗಳಲ್ಲಿ ರಕ್ತ ಜಿನುಗುತ್ತಿತ್ತು. ಕೊಟ್ರೇಶ ಉಸಿರು ಬಿಡದೆ ಕುಡಿದ. ಆಮೇಲೆ ಕೇಳಿದ.

"ಬತ್ತೇತಿ ಅಂದಿದ್ದಿಯಲ್ಲ?"

"ಸುಳ್ಳು ಹೇಳಿದ್ದೆ."

"ಯಾಕ?"

"ಅದು ನಮ್ಮಿಬ್ಬರದು. ಈತಗ ತೋರಸೂದು ನನಗ ಬ್ಯಾಡಾಗಿತ್ತು."

ಯುವರಾಜ ತಲೆ ತಗ್ಗಿಸಿದ. ಕೊಟ್ರೇಶ ಕ್ಯಾನು ಕೆಳಗಿಟ್ಟ. "ನಾ ಒದ್ದಾಡೂದನ್ನ ಕುಂತು ನೋಡೀದಿ, ಶಂಭು," ಎಂದಷ್ಟೇ ಹೇಳಿ ಆ ಕಡೆ ಹೊರಳಿ ಮಲಗಿದ.

ಬೆಳಿಗ್ಗೆ ಮೂವರೂ ದೊಣಿಗೆ ಇಳಿದರು. ಯುವರಾಜ ಯಂತ್ರವನ್ನು ಆರಿಸಿ ಚೀಲದೊಳಗಿಟ್ಟ. "ಗುರುತು ಹಾಕೂದಿಲ್ರಿ ಅಣ್ಣಾರ," ಎಂದ. ಹಾಕಿಕೊಂಡಿದ್ದರೇ ಚೆನ್ನಾಗಿತ್ತು ಎನಿಸಿತು ಶಂಭುಲಿಂಗನಿಗೆ. ಆ ಹುಡುಗನ ಒಳ್ಳೆಯತನ ಮುಳ್ಳಿಗಿಂತ ಹೆಚ್ಚು ಚುಚ್ಚಿತು. ಐರಣಿಯ ತನಕ ಕೊಟ್ರೇಶ ಶಂಭುಲಿಂಗನ ಜೊತೆ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲೂ ಬೇರೆ ಸೀಟಿನಲ್ಲಿ ಕೂತ.

ಮರುವರ್ಷದ ಡಿಸೆಂಬರ್ ಬಂತು. ಶಂಭುಲಿಂಗ ಗಿರಾಕಿಗಳ ಗಡಿಯಾರ ಬಿಚ್ಚುತ್ತ, ಕೂಡಿಸುತ್ತ ಅಂಗಡಿಯ ಫೋನಿನತ್ತ ನೋಡುತ್ತಿದ್ದ. ಅದು ಗುರುವಾರ ಸಂಜೆ ಹೊಡೆದುಕೊಂಡಿತು. ಮಾತಾಡಿದವನು ಯುವರಾಜ.

"ಅಣ್ಣಾರ, ನಾಡದು ಶನಿವಾರ ಗುಡ್ಡಕ್ಕ ಹೊಂಟೇವ್ರಿ. ನೀವು ಬರ್ತೀರೋ ಇಲ್ಲೋ ಕೇಳು ಅಂದಾರ್ರಿ ಕೊಟ್ರೇಶಣ್ಣಾರು."

ಕೊಟ್ರೇಶನೇ ಯಾಕೆ ಕೇಳಲಿಲ್ಲ? ಇವನು ಅವನ ಮನೆಯಲ್ಲಿ ಕೂತಿದ್ದಾನೆಯೇ? ಹಳೆಯ ಉರಿ ಮತ್ತೆ ಎದೆಗೆ ಹತ್ತಿತು. ಶಂಭುಲಿಂಗ ಅದನ್ನು ನುಂಗಿಕೊಂಡ.

"ಬಸ್ಸು ಎಷ್ಟಕ್ಕ ಐತಿ?" ಎಂದ.

ಯುವರಾಜ ಉತ್ತರಿಸುವ ಮೊದಲೇ ಹಿಂದಿನಿಂದ ಕೊಟ್ರೇಶನ ದನಿ ಕೇಳಿತು: "ಏನಂದ? ಬರ್ತಾನಂತೇನು?"